ನಿವೃತ್ತರ ಅಧ್ಯಯನ ಬಳಗ: ಉಪನ್ಯಾಸ ಕೇಳುವುದರ ಆಚೆಗೆ ಏನು ಮಾಡಬಹುದು?

ಪ್ರಶ್ನೆ: ಮಂಗಳವಾರದ ಬಳಗ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾವು 34 ಮಂದಿ ನಿವೃತ್ತರು ನಾಲ್ಕು ವರ್ಷಗಳಿಂದ ಮೈಸೂರಿನಲ್ಲಿ ಒಂದು ಅಧ್ಯಯನ ಬಳಗವನ್ನು ನಡೆಸಿಕೊಂಡು ಬರುತ್ತಿದ್ದೇವೆ. ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಬಡಾವಣೆಯ ಸಮುದಾಯ ಭವನದಲ್ಲಿ ಸೇರುತ್ತೇವೆ. ನಮ್ಮಲ್ಲಿ ಬ್ಯಾಂಕಿನವರು, ಶಾಲಾ ಶಿಕ್ಷಕರು, ವಿದ್ಯುತ್ ಇಲಾಖೆಯವರು, ಇಬ್ಬರು ವೈದ್ಯರು ಹಾಗೂ ಜೀವನವಿಡೀ ಮನೆಯನ್ನು ನಡೆಸಿಕೊಂಡು ಬಂದ ಏಳೆಂಟು ಮಂದಿ ಗೃಹಿಣಿಯರು ಇದ್ದಾರೆ. ಅತಿಥಿಯೊಬ್ಬರು ಬಂದು ಒಂದು ಗಂಟೆ ಮಾತನಾಡುವುದು, ಹತ್ತು ನಿಮಿಷ ಪ್ರಶ್ನೋತ್ತರ, ಆಮೇಲೆ ಕಾಫಿ; ಇದು ನಮ್ಮ ಪದ್ಧತಿ. ಮಧುಮೇಹವೊಂದರ ಮೇಲೆಯೇ ಇದುವರೆಗೆ ಐದು ಉಪನ್ಯಾಸಗಳಾಗಿವೆ. ಆರನೆಯದನ್ನು ಏರ್ಪಡಿಸುವ ಧೈರ್ಯ ನನಗಿಲ್ಲ.

ಈಚೆಗೆ ಹಾಜರಾತಿ ಹದಿನೈದಕ್ಕೆ ಇಳಿದಿದೆ. ಬರುವವರಲ್ಲಿಯೂ ಕೆಲವರು ಕಾಫಿಯ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಕೇಳಿಸಿಕೊಂಡು ಕೇಳಿಸಿಕೊಂಡು ಬೇಸರ ಬಂದಿದೆ, ಏನಾದರೂ ಮಾಡುವಂತಿದ್ದರೆ ಹೇಳಿ ಎಂದು ಸದಸ್ಯರೇ ಕೇಳುತ್ತಿದ್ದಾರೆ. ಸೇವಾಕಾರ್ಯವೆಂದು ನಾವು ಮಾಡಿದ ಒಂದೇ ಪ್ರಯತ್ನದ ಕಥೆಯನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ. ಕಳೆದ ಅಕ್ಟೋಬರ್ 2ರಂದು ನಮ್ಮಲ್ಲಿ ಹನ್ನೊಂದು ಜನ ಸಮೀಪದ ಸರ್ಕಾರಿ ಪ್ರಾಥಮಿಕ ಶಾಲೆಯೊಂದಕ್ಕೆ ಹೋಗಿ, ನೋಟ್‌ಬುಕ್ಕು, ಪೆನ್ಸಿಲ್ಲುಗಳನ್ನು ಹಂಚಿ, ಮಕ್ಕಳನ್ನು ಮುಂದೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡೆವು. ಹೊರಡುವಾಗ ಮುಖ್ಯೋಪಾಧ್ಯಾಯಿನಿಯವರು ಕೈಮುಗಿದು, "ಆಗಸ್ಟ್ 15ರಿಂದ ಈಚೆಗೆ ನೀವು ನಾಲ್ಕನೆಯ ತಂಡ ಸರ್. ನೋಟ್‌ಬುಕ್ಕು ಬೇಕಾದಷ್ಟಿವೆ, ಓದಿಸುವವರು ಇಲ್ಲ" ಎಂದರು. ಅವರು ನಗುತ್ತಲೇ ಹೇಳಿದ್ದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಇಂಥ ಬಳಗಗಳನ್ನು ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು. ನಮ್ಮ ಸರಾಸರಿ ವಯಸ್ಸು 68. ಮಂಡಿನೋವು ಬಹುತೇಕ ಎಲ್ಲರಿಗೂ ಇದೆ, ಹಣ ಹೆಚ್ಚಿಲ್ಲ, ಸಮಯವಿದೆ ಎಂದು ಭಾವಿಸಿದ್ದೇನೆ.

ಉತ್ತರ 1: ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಮಾನ್ಯರೇ, ಆ ಮುಖ್ಯೋಪಾಧ್ಯಾಯಿನಿಯವರು ನಿಮ್ಮನ್ನು ದೂರಿದ್ದಲ್ಲ, ಕರೆದಿದ್ದಾರೆ ಎಂದೇ ನಾನು ತಿಳಿಯುತ್ತೇನೆ. 31 ವರ್ಷ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದವಳಾಗಿ ಇದನ್ನು ಹೇಳುತ್ತಿದ್ದೇನೆ.

ಒಂದರಿಂದ ಮೂರನೆಯ ತರಗತಿಯವರೆಗೆ ನಮ್ಮಲ್ಲಿ ನಲಿ-ಕಲಿ ಪದ್ಧತಿಯಿದೆ. ಅದು ಮೊದಲು ರೂಪುಗೊಂಡದ್ದು 1995ರಲ್ಲಿ, ನಿಮ್ಮ ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿಯೇ. ಅಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಹತ್ತುತ್ತದೆ; ಆ ತರಗತಿಗಳಲ್ಲಿ ಹೊರಗಿನವರು ಮಧ್ಯೆ ಪ್ರವೇಶಿಸಿದರೆ ಶಿಕ್ಷಕರಿಗೆ ತೊಂದರೆಯೇ ಹೆಚ್ಚು. ನೀವು ನೋಡಬೇಕಾದದ್ದು ನಾಲ್ಕು ಮತ್ತು ಐದನೆಯ ತರಗತಿಗಳನ್ನು. ಅಲ್ಲಿ ದಿಢೀರನೆ ಉದ್ದುದ್ದ ಪಾಠಗಳು ಎದುರಾಗುತ್ತವೆ, ಓದು ಇನ್ನೂ ಕೈಗೆ ಹತ್ತದ ಮಕ್ಕಳು ಹಿಂದಿನ ಬೆಂಚಿನಲ್ಲಿ ಉಳಿದುಬಿಡುತ್ತಾರೆ.

ನಮ್ಮ ಬಳಗದ ಒಂಬತ್ತು ಮಂದಿ ಮೂರು ವರ್ಷಗಳಿಂದ ಇಂಥ ಮಕ್ಕಳೊಡನೆ ಕೂರುತ್ತಿದ್ದೇವೆ. ಒಬ್ಬರಿಗೆ ಇಬ್ಬರು ಮಕ್ಕಳು, ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಗಂಟೆ, ವರ್ಷವಿಡೀ ಅದೇ ಇಬ್ಬರು. ಕಳೆದ ವರ್ಷ ನನಗೆ ಸಿಕ್ಕಿದ್ದ ಹುಡುಗ 'ಅಗಸ', 'ಬಸವ' ಎಂಬಂಥ ಪದಗಳನ್ನು ಸರಾಗವಾಗಿ ಓದುತ್ತಿದ್ದ. 'ಕತ್ತರಿ' ಬಂದ ಕೂಡಲೇ ಬೆರಳು ಅಲ್ಲಿಯೇ ನಿಂತು, ಕಣ್ಣು ಪುಟದಲ್ಲಿರುವ ಚಿತ್ರದ ಕಡೆಗೆ ಓಡುತ್ತಿತ್ತು. ಅವನಿಗೆ ಬಾರದಿದ್ದದ್ದು ಒತ್ತಕ್ಷರ ಮಾತ್ರ. ಅಕ್ಕ, ಅಣ್ಣ, ಅಪ್ಪ, ಅಮ್ಮ, ಅಜ್ಜಿ ಎಂದು ಮನೆಯವರನ್ನೆಲ್ಲ ಸ್ಲೇಟಿನ ಮೇಲೆ ಕರೆದು ತಂದೆವು. ದಸರಾ ರಜೆಯ ಹೊತ್ತಿಗೆ ಅವನು ಬಸ್ಸಿನ ಬೋರ್ಡುಗಳನ್ನು ಓದಿ ನನಗೇ ಹೇಳತೊಡಗಿದ.

ನಿಯಮಗಳನ್ನು ಮೊದಲೇ ಸರಿಪಡಿಸಿಕೊಳ್ಳಿ. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು ಪತ್ರ ಕೊಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಮ್ಮೆ ಕುಳಿತು ಮಾತನಾಡಿ. ಮಕ್ಕಳೊಡನೆ ಕೂರುವುದು ಇತರರ ಕಣ್ಣಿಗೆ ಬೀಳುವ ಜಾಗದಲ್ಲಿ, ವರಾಂಡದಲ್ಲಿ ಆಗಲಿ. ಮುಚ್ಚಿದ ಕೋಣೆ ಬೇಡ. ಮಿಠಾಯಿ ಒಯ್ಯಬೇಡಿ. ಬರಲಾಗದ ದಿನ ಹಿಂದಿನ ಸಂಜೆಯೇ ತಿಳಿಸಿ, ಏಕೆಂದರೆ ಮಕ್ಕಳು ಕಾಯುತ್ತಾರೆ. ಫೋಟೋ ಬೇಡವೆಂದು ನಾವು ಮೊದಲ ದಿನವೇ ತೀರ್ಮಾನಿಸಿದ್ದೆವು. ಇದರಿಂದ ಮೂವರು ಸದಸ್ಯರು ಕಡಿಮೆಯಾದರು, ಅದು ಒಳ್ಳೆಯದೇ ಆಯಿತು.

ಶಾಲೆಯ ಸಮಯ ಹೊಂದದ ಹಳ್ಳಿಯ ಕಡೆಯ ಬಳಗಗಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ. ಅವುಗಳನ್ನು ಈಗ ಅರಿವು ಕೇಂದ್ರಗಳೆಂದು ಕರೆಯುತ್ತಾರೆ. 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಸಂಜೆ ಒಂದು ಕಥೆಯನ್ನು ಗಟ್ಟಿಯಾಗಿ ಓದುವವರಿದ್ದರೆ ಮೇಲ್ವಿಚಾರಕರು ಬೇಡವೆನ್ನುವುದಿಲ್ಲ.

ಉತ್ತರ 2: ಷಟ್ಪದಿಪ್ರಿಯ, ಧಾರವಾಡ

ಮೇಡಂ ಅವರ ಮಾತಿಗೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ಆದರೆ ಎಲ್ಲರೂ ಶಾಲೆಗೆ ಹೋಗಲಾರರು, ಎಲ್ಲರಿಗೂ ಮಕ್ಕಳೊಡನೆ ಒಗ್ಗುವುದೂ ಇಲ್ಲ. ನಾನು ಅಂಥವನೇ.

ಮೊದಲು ಉಪನ್ಯಾಸದ ವಿಷಯ. ನಿವೃತ್ತರ ಕಲಿಕೆಗೆಂದು 'ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ'ವೆಂಬ ಕಲ್ಪನೆ 1973ರಲ್ಲಿ ಫ್ರಾನ್ಸಿನ ತುಲೂಸ್ ನಗರದಲ್ಲಿ ಆರಂಭವಾದಾಗ, ಅದು ವಿಶ್ವವಿದ್ಯಾಲಯದ ಆಶ್ರಯದಲ್ಲಿತ್ತು, ಪ್ರಾಧ್ಯಾಪಕರು ಕಲಿಸುತ್ತಿದ್ದರು. 1980ರ ದಶಕದ ಆರಂಭದಲ್ಲಿ ಅದು ಬ್ರಿಟನ್ನಿಗೆ ಬಂದಾಗ ಅಲ್ಲಿನವರು ಅದನ್ನು ತಿರುಗಿಸಿ, ಹೊರಗಿನ ಗುರುಗಳು ಬೇಡ, ಸದಸ್ಯರೇ ಸಣ್ಣ ಸಣ್ಣ ಗುಂಪುಗಳಲ್ಲಿ ಒಬ್ಬರಿಗೊಬ್ಬರು ಕಲಿಸಲಿ ಎಂಬ ದಾರಿ ಹಿಡಿದರು. ನಿಮ್ಮ ಬಳಗ ಮೊದಲನೆಯ ದಾರಿಯಲ್ಲಿ ನಿಂತುಬಿಟ್ಟಿದೆ. ವಿದ್ಯುತ್ ಇಲಾಖೆಯವರು ಇದ್ದಾರೆ ಎಂದಿರಿ. ಮನೆಯ ಅರ್ಥಿಂಗ್, ಇನ್ವರ್ಟರ್, ಬಿಲ್ಲಿನ ಲೆಕ್ಕ ಇವುಗಳನ್ನು ಅವರಿಂದ ಎಂದಾದರೂ ಕೇಳಿದ್ದೀರಾ?

ಇನ್ನು ಸೇವಾಕಾರ್ಯ. ನಮ್ಮ ಆರು ಜನರ ಗುಂಪು ಕನ್ನಡ ವಿಕಿಸೋರ್ಸ್‌ನಲ್ಲಿ, ಅಂದರೆ ಯಾರು ಬೇಕಾದರೂ ಓದಬಹುದಾದ ಅಂತರ್ಜಾಲದ ಮುಕ್ತ ಗ್ರಂಥಾಲಯದಲ್ಲಿ, ಹಳೆಯ ಪುಸ್ತಕಗಳ ಕರಡು ತಿದ್ದುತ್ತದೆ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷಗಳಾದ ಮೇಲೆ ಕೃತಿ ಹಕ್ಕುಸ್ವಾಮ್ಯದಿಂದ ಬಿಡುಗಡೆಯಾಗುತ್ತದೆ. ಅಂದರೆ 1965ರಲ್ಲಿ ತೀರಿಕೊಂಡವರ ಬರಹಗಳು 2026ರ ಜನವರಿ 1ರಿಂದ ಮುಕ್ತ. ಇಂಥ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಸೇರಿಸಿರುತ್ತಾರೆ. ಒಂದು ಬದಿಯಲ್ಲಿ ಪುಟದ ಚಿತ್ರ, ಇನ್ನೊಂದು ಬದಿಯಲ್ಲಿ ಯಂತ್ರ ಓದಿಕೊಟ್ಟ ಪಠ್ಯ ಇರುತ್ತದೆ. ಯಂತ್ರವು 'ಪ'ವನ್ನು 'ಷ' ಮಾಡುತ್ತದೆ, ಅನುಸ್ವಾರವನ್ನು ಅಂಕಿಯ ಸೊನ್ನೆ ಮಾಡುತ್ತದೆ, ಅರ್ಕಾವತ್ತನ್ನು ನುಂಗಿಹಾಕುತ್ತದೆ. ತಿದ್ದದ ಪುಟದ ಗುರುತು ಕೆಂಪು. ಒಬ್ಬರು ತಿದ್ದಿದರೆ ಹಳದಿಯಾಗುತ್ತದೆ. ಹಸಿರಾಗಬೇಕಾದರೆ ಬೇರೊಬ್ಬರು ಮತ್ತೊಮ್ಮೆ ಪರಿಶೀಲಿಸಲೇಬೇಕು. ತಾನೇ ತಿದ್ದಿ ತಾನೇ ಒಪ್ಪಿಗೆ ಕೊಡಲು ಬರುವುದಿಲ್ಲ. ಕಚೇರಿಯಲ್ಲಿ ಕಡತ ನೋಡಿದವರಿಗೆ ಇದು ಹೊಸತೇನಲ್ಲ.

ನಾವು ಇದನ್ನು ಕಲಿಕೆಯೊಡನೆ ಹೇಗೆ ಸೇರಿಸಿಕೊಂಡೆವು ಎಂಬುದನ್ನು ಹೇಳಬೇಕು. ನಮ್ಮಲ್ಲಿ ಒಬ್ಬರು ಛಂದಸ್ಸನ್ನು ಬಲ್ಲವರು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಾಕ್ಷರಕ್ಕೆ ಎರಡು ಎಂಬುದು ಅಲ್ಲಿನ ಲೆಕ್ಕ. ಆರು ಸಾಲಿನ ಭಾಮಿನಿ ಷಟ್ಪದಿಯ ಪ್ರತಿ ಪದ್ಯದಲ್ಲಿ 1, 2, 4, 5ನೆಯ ಸಾಲುಗಳಿಗೆ ತಲಾ 14 ಮಾತ್ರೆ, 3 ಮತ್ತು 6ನೆಯ ಸಾಲುಗಳಿಗೆ ತಲಾ 23 ಎಂದು ಅವರು ನಾಲ್ಕು ವಾರ ನಮ್ಮಿಂದ ಬೆರಳು ಮಡಿಚಿಸಿ ಎಣಿಸಿದರು. ಆಮೇಲೆ ಹಳೆಯ ಪದ್ಯಗಳ ಪುಟವನ್ನು ಕೈಗೆತ್ತಿಕೊಂಡೆವು. ಒಂದು ಸಾಲಿನಲ್ಲಿ ಹದಿಮೂರೇ ಮಾತ್ರೆ ಬಂತು. ಎಲ್ಲರೂ ಪರದೆಗೆ ಮುಖವಿಟ್ಟು ಹುಡುಕಿದಾಗ, 'ದೇವ' ಎಂಬುದನ್ನು ಯಂತ್ರ 'ದೆವ' ಎಂದು ಓದಿದ್ದು ಸಿಕ್ಕಿತು. ನಿವೃತ್ತ ಲೆಕ್ಕಾಧಿಕಾರಿಯೊಬ್ಬರು ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ತಾಳೆಯಾಗದ ಲೆಕ್ಕವೆಂದರೆ ಅವರಿಗೆ ನಿದ್ದೆ ಬರುವುದಿಲ್ಲವಂತೆ.

ಉತ್ತರ 3: ಹಳೆಯ ಟೆಲ್ಲರ್, ತುಮಕೂರು

ನಿಮ್ಮ ಬ್ಯಾಂಕಿನವರಿಗೆ ನವೆಂಬರಿನಲ್ಲಿ ಕೆಲಸವಿದೆ. ಪಿಂಚಣಿದಾರರ ಡಿಜಿಟಲ್ ಜೀವಿತ ಪ್ರಮಾಣಪತ್ರ, ಅಂದರೆ ಜೀವನ್ ಪ್ರಮಾಣ್, 2014ರ ನವೆಂಬರಿನಲ್ಲಿ ಬಂದರೂ ಇಂದಿಗೂ ಎಷ್ಟೋ ಮಂದಿ ಹಿರಿಯರು ಬ್ಯಾಂಕಿನ ಸಾಲಿನಲ್ಲಿ ನಿಂತಿರುತ್ತಾರೆ. ಬೆರಳಿನ ಗೆರೆಗಳು ಸವೆದು ಯಂತ್ರ ಒಪ್ಪದೆ ಹಿಂತಿರುಗುವವರನ್ನು ನೀವೂ ನೋಡಿರುತ್ತೀರಿ. ಈಗ ಮುಖ ಗುರುತಿಸುವ ವಿಧಾನವಿರುವುದರಿಂದ, ಆಂಡ್ರಾಯ್ಡ್ ಫೋನಿನಲ್ಲಿ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಎಂಬ ಎರಡು ಆ್ಯಪ್‌ಗಳಿದ್ದರೆ ಮನೆಯಲ್ಲಿಯೇ ಮುಗಿಯುತ್ತದೆ. ಒಬ್ಬರು ಆಪರೇಟರ್ ಆಗಿ ಒಮ್ಮೆ ನೋಂದಾಯಿಸಿಕೊಂಡರೆ ಅದೇ ಫೋನಿನಿಂದ ಹಲವರ ಪ್ರಮಾಣಪತ್ರ ಮಾಡಬಹುದು. ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳುವುದೇ ಕಷ್ಟದ ಭಾಗ. ಕಣ್ಣು ಮಿಟುಕಿಸಿ ಎಂದ ಕೂಡಲೇ ಎಲ್ಲರೂ ನಗುತ್ತಾರೆ, ಫೋಟೋ ಕೆಡುತ್ತದೆ.

ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ಭವಿಷ್ಯ ನಿಧಿಯ ಪಿಂಚಣಿಯವರು ವರ್ಷದ ಯಾವ ದಿನವಾದರೂ ಸಲ್ಲಿಸಬಹುದು, ಅಲ್ಲಿಂದ ಹನ್ನೆರಡು ತಿಂಗಳು ಅದು ಚಾಲ್ತಿಯಲ್ಲಿರುತ್ತದೆ. ಒಂದು ಎಚ್ಚರಿಕೆ: ಆಧಾರ್ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಒಟಿಪಿ ಇವು ಯಾವುದನ್ನೂ ಸ್ವಯಂಸೇವಕರು ತಮ್ಮ ಚೀಟಿಯಲ್ಲಿ ಬರೆದುಕೊಳ್ಳಬಾರದು, ಸಾಧ್ಯವಾದಷ್ಟೂ ಅವರ ಮನೆಯವರ ಎದುರಿನಲ್ಲಿಯೇ ಮಾಡಿ.

ಉತ್ತರ 4: ಎರಡು ಮೊಮ್ಮಕ್ಕಳ ಅಜ್ಜಿ, ಬೆಂಗಳೂರು

ಮಂಗಳವಾರದ ಬಳಗದವರು 'ಸಮಯವಿದೆ ಎಂದು ಭಾವಿಸಿದ್ದೇನೆ' ಎಂದು ಬರೆದಿದ್ದಾರೆ. ಗೃಹಿಣಿಯರನ್ನು ಕೇಳಿ ಬರೆದರೇ ಎಂದು ತಿಳಿಯುವ ಕುತೂಹಲ ನನಗೆ. ಬೆಳಿಗ್ಗೆ ಹತ್ತೂವರೆ ಎಂದರೆ ನನ್ನ ಚಿಕ್ಕ ಮೊಮ್ಮಗಳಿಗೆ ಊಟ ಮಾಡಿಸುವ ಹೊತ್ತು. ಮಧ್ಯಾಹ್ನ ಮೂರಕ್ಕೆ ದೊಡ್ಡವನ ಶಾಲಾ ವಾಹನ ಬರುತ್ತದೆ. ನಿಮ್ಮಲ್ಲಿ ಹಾಜರಾತಿ ಇಳಿದಿರುವುದು ಯಾರದ್ದು ಎಂದು ಒಮ್ಮೆ ಪುಸ್ತಕ ತೆರೆದು ನೋಡಿ.

ನನಗೆ ಒಗ್ಗಿದ ಕೆಲಸವೆಂದರೆ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗಾಗಿ ಪಠ್ಯವನ್ನು ಓದಿ ಧ್ವನಿಮುದ್ರಿಸುವುದು. ಇಬ್ಬರೂ ಮಲಗಿದ ಮೇಲೆ ರಾತ್ರಿ ಒಂಬತ್ತೂವರೆಗೆ, ಫ್ಯಾನು ಆರಿಸಿ, ಬೀರುವಿನ ಪಕ್ಕ ಕುಳಿತು ಫೋನಿನಲ್ಲಿಯೇ ಮಾಡುತ್ತೇನೆ. ಸೀರೆಗಳು ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟರೆ ದನಿ ಮಾರ್ದನಿಸುವುದಿಲ್ಲ. ಒಂದು ಅಧ್ಯಾಯಕ್ಕೆ ಒಂದು ಕಡತ. ಪುಟ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು, ನಕ್ಷೆಯೋ ಚಿತ್ರವೋ ಬಂದರೆ ಅದರಲ್ಲಿ ಏನಿದೆ ಎಂಬುದನ್ನು ಮಾತಿನಲ್ಲಿ ವಿವರಿಸಬೇಕು. ಅಂಗವಿಕಲರಿಗೆ ಎಟುಕುವ ರೂಪದಲ್ಲಿ ಪುಸ್ತಕಗಳನ್ನು ಸಿದ್ಧಪಡಿಸಲು ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಅವಕಾಶ ಕೊಟ್ಟಿದೆ.

ಪರೀಕ್ಷೆಯಲ್ಲಿ ಅವರಿಗೆ ಬರೆದುಕೊಡಲು ಹೋಗೋಣವೆಂದು ಯಾರಾದರೂ ಸೂಚಿಸಬಹುದು. 2018ರ ಕೇಂದ್ರ ಮಾರ್ಗಸೂಚಿಯಲ್ಲಿಯೇ, ಅಭ್ಯರ್ಥಿ ತಾನೇ ಕರೆತರುವ ಲಿಪಿಕಾರರ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕು ಎಂದಿತ್ತು. ಪದವೀಧರರಾದ ನಾವು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಲಿಪಿಕಾರರಾಗಿ ಹೋಗುವಂತಿಲ್ಲ. ಪರೀಕ್ಷೆಗೆ ಮುಂಚಿನ ತಿಂಗಳುಗಳಲ್ಲಿ ಓದಿ ಹೇಳುವುದಕ್ಕೆ ಅಡ್ಡಿಯಿಲ್ಲ.

ಉತ್ತರ 5: ಕೆರೆ ಏರಿಯ ನಡಿಗೆಯವರು, ಮೈಸೂರು

ನಾನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ದಿನವೂ ನಡೆಯುವವನು. ಮಂಡಿನೋವಿನವರಿಗೊಂದು ಸೂಚನೆ: ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ನೋಡಿ, ಚಿಗುರು, ಹೂ, ಕಾಯಿ, ಹಣ್ಣು ಇವು ಇಲ್ಲವೋ, ಸ್ವಲ್ಪವೋ, ಬಹಳವೋ ಎಂದು ದಾಖಲಿಸುವುದಷ್ಟೇ ಕೆಲಸ. ಹೊಂಗೆ, ಹುಣಸೆ, ಹಲಸು, ಕಕ್ಕೆ ಯಾವುದಾದರೂ ಆಗಬಹುದು. ಮನೆಯ ಗೇಟಿನ ಎದುರಿನ ಮರವೇ ಸಾಕು. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆಗೆ ಹದಿನೈದು ನಿಮಿಷ ಒಂದೆಡೆ ಕುಳಿತರೂ ಸಾಕಾಗುತ್ತದೆ. ಹೆಜ್ಜಾರ್ಲೆಗಳು ನಿಮ್ಮ ಮುಂದೆಯೇ ಈಜಿಕೊಂಡು ಹೋಗುತ್ತವೆ.

ಪ್ರಶ್ನೆ ಕೇಳಿದವರ ಮರುಮಾತು: ಮಂಗಳವಾರದ ಬಳಗ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಅಜ್ಜಿಯವರು ಹೇಳಿದಂತೆ ಹಾಜರಾತಿ ಪುಸ್ತಕವನ್ನು ನಿನ್ನೆ ತೆರೆದು ನೋಡಿದೆ. ಬರುವುದನ್ನು ನಿಲ್ಲಿಸಿದ ಹತ್ತೊಂಬತ್ತು ಮಂದಿಯಲ್ಲಿ ಹನ್ನೆರಡು ಮಂದಿ ಮಹಿಳೆಯರು. ಅವರಲ್ಲಿ ನಾಲ್ವರಿಗೆ ದೂರವಾಣಿ ಮಾಡಿದೆ. ಮೂವರು ಸಂಜೆ ಐದಕ್ಕಾದರೆ ಬರುತ್ತೇವೆ ಎಂದರು, ಒಬ್ಬರು ಬೀರುವಿನ ಉಪಾಯವನ್ನು ಇನ್ನೊಮ್ಮೆ ಹೇಳಿಸಿಕೊಂಡರು. ತಿಂಗಳಲ್ಲಿ ಎರಡು ಸಭೆಗಳನ್ನು ಸಂಜೆಗೆ ಬದಲಿಸುವುದೆಂದೂ, ಮೂರು ತಿಂಗಳು ಹೊರಗಿನ ಅತಿಥಿಗಳನ್ನು ಕರೆಯುವುದಿಲ್ಲವೆಂದೂ ಸಮಿತಿಯಲ್ಲಿ ಒಪ್ಪಿದ್ದೇವೆ. ಮೊದಲ ವಾರ ನಮ್ಮ ವಿದ್ಯುತ್ ಇಲಾಖೆಯವರು ಬಿಲ್ಲಿನ ಲೆಕ್ಕ ಹೇಳಿಕೊಡುತ್ತಾರೆ.

ಶಾಲೆಗೆ ಐವರು ಹೆಸರು ಕೊಟ್ಟಿದ್ದಾರೆ. ಸೋಮವಾರ ನಾನೊಬ್ಬನೇ, ಬರಿಗೈಯಲ್ಲಿ ಹೋಗಿ ಮುಖ್ಯೋಪಾಧ್ಯಾಯಿನಿಯವರನ್ನು ಕಾಣುವೆನು. ಶಿವಮೊಗ್ಗದ ಮೇಡಂ ಅವರಲ್ಲಿ ಒಂದು ಸಂದೇಹ: ಇಬ್ಬರು ಮಕ್ಕಳಲ್ಲಿ ಒಬ್ಬನು ಬೇಗ ಕಲಿತು, ಇನ್ನೊಬ್ಬನು ಹಿಂದುಳಿದರೆ ಜೋಡಿಯನ್ನು ಬದಲಿಸುತ್ತೀರೋ, ಹಾಗೆಯೇ ಮುಂದುವರಿಸುತ್ತೀರೋ?

ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಬದಲಿಸುವುದಿಲ್ಲ. ಬೇಗ ಕಲಿತವನೇ ಇನ್ನೊಬ್ಬನಿಗೆ ಓದಿಸಲಿ, ನೀವು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ. ಸೋಮವಾರ ಹೋಗುವಾಗ ಬಿಸಿಯೂಟದ ಹೊತ್ತನ್ನು ತಪ್ಪಿಸಿ ಹೋಗಿ.