ಮನೆಯಲ್ಲಿ ಮೊದಲ ಸಲ ಸೇದರ್, ಹಬ್ಬಕ್ಕೆ ಮೊದಲೇ ಜಗಳ: ಮಾಡಿದವರು ಅನುಭವ ಹೇಳಿ

ಎಡಿಸನ್_ಸೊಸೆ:
ನಾನು ತುಮಕೂರಿನವಳು, ಗಂಡ ಯಹೂದಿ, ಇರುವುದು ನ್ಯೂಜೆರ್ಸಿಯಲ್ಲಿ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಪೆಸಾಖ್ ಹಬ್ಬದ ಸೇದರ್ (ಆ ಕಥೆ ಓದುತ್ತಾ ಮಾಡುವ ರಾತ್ರಿಯೂಟ) ಯಾವಾಗಲೂ ಅತ್ತೆ ಮನೆಯಲ್ಲಿ ನಡೆಯುತ್ತಿತ್ತು. ಅವರಿಗೆ ಮಂಡಿ ಆಪರೇಷನ್ ಆಗಿದೆ. ಹಾಗಾಗಿ ಈ ಸಲ ನಮ್ಮಲ್ಲಿ. 2025 ಏಪ್ರಿಲ್ 12, ಶನಿವಾರ ರಾತ್ರಿ, 14 ಜನ. ಒಂದು ಕುರ್ಚಿ ಖಾಲಿ ಬಿಟ್ಟು, 2023ರ ಅಕ್ಟೋಬರ್ 7ರಂದು ಹಮಾಸ್ ಗಾಜಾಕ್ಕೆ ಎಳೆದೊಯ್ದ ಒತ್ತೆಯಾಳುಗಳ ಫೋಟೋ ಇಡಬೇಕು ಅಂತ ಮಾವನ ಹಟ. ಗಂಡನ ಅಕ್ಕನ ಮಗಳು ಕಾಲೇಜಿನಲ್ಲಿದ್ದಾಳೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಮಹಮೂದ್ ಖಲೀಲ್ ಅನ್ನುವ ಪ್ಯಾಲೆಸ್ತೀನಿ ಹುಡುಗನನ್ನು ವಲಸೆ ಪೊಲೀಸರು ಮಾರ್ಚ್‌ನಲ್ಲಿ ಹಿಡಿದುಕೊಂಡು ಹೋದಾಗಿನಿಂದ ಕೆರಳಿದ್ದಾಳೆ. ಗಾಜಾದಲ್ಲಿ ಸತ್ತ ಮಕ್ಕಳ ಹೆಸರನ್ನೂ ಓದದಿದ್ದರೆ ಬರುವುದಿಲ್ಲ ಅನ್ನುತ್ತಾಳೆ. ಇಬ್ಬರೂ ನನಗೇ ಫೋನ್ ಮಾಡುತ್ತಾರೆ, ಗಂಡನಿಗಲ್ಲ. ಇನ್ನೊಂದು, ಅನ್ನ ತೊವ್ವೆ ಮಾಡಬಹುದಾ? ಇವರು ಅಶ್ಕೆನಾಜಿ (ಯೂರೋಪ್ ಮೂಲದ ಯಹೂದಿಗಳು, ಹಬ್ಬದಲ್ಲಿ ಅಕ್ಕಿ ಬೇಳೆ ಬಿಡುವ ರೂಢಿ), ಕನ್ಸರ್ವೇಟಿವ್ (ನಡುವಿನ ಪಂಥ) ಸಿನಗಾಗ್‌ಗೆ ಹೋಗುವವರು.

ಹೈಫಾ_ಉಡುಪಿ:
ಒಂದು ರಾತ್ರಿ ಅಡುಗೆಗೆ ಇಷ್ಟು ಟೆನ್ಷನ್ನಾ? ನಾನು ಇಲ್ಲಿ ಇಸ್ರೇಲಿನಲ್ಲಿ ಕೇರ್‌ಗಿವರ್. ಏಜೆಂಟನಿಗೆ 14 ಲಕ್ಷ ಕೊಟ್ಟು ಬಂದವಳು. ಅದರಲ್ಲಿ 9 ಲಕ್ಷ ಸೊಸೈಟಿ ಸಾಲ, ಇನ್ನೂ ತೀರಿಲ್ಲ. ಒಂದು ತಿಂಗಳ ಮುಂಚಿನ ಪುರಿಮ್ ಹಬ್ಬ ಮುಗಿದ ಮರುದಿನವೇ, ನಾನು ನೋಡಿಕೊಳ್ಳುವ ಅಜ್ಜಿ ಖಮೇತ್ಸ್ (ಪೆಸಾಖ್‌ನಲ್ಲಿ ಮನೆಯಲ್ಲಿರಬಾರದ ಬ್ರೆಡ್, ಬಿಸ್ಕತ್‌ನಂಥ ತಿನಿಸು) ಹುಡುಕಲು ಶುರು ಮಾಡುತ್ತಾರೆ. ಗಾಲಿಕುರ್ಚಿಯಲ್ಲಿ ಕೂತು ಬೆರಳು ತೋರಿಸುವುದು ಅವರು, ಮೊಣಕಾಲೂರಿ ಕೆರೆಯುವುದು ನಾನು. ಫ್ರಿಡ್ಜ್ ಬಾಗಿಲಿನ ರಬ್ಬರನ್ನು ಟೂತ್‌ಬ್ರಷ್‌ನಲ್ಲಿ ಉಜ್ಜಬೇಕು. ಟೋಸ್ಟರನ್ನು ಬೀರುವಿನಲ್ಲಿಟ್ಟು ಟೇಪ್ ಹಚ್ಚಬೇಕು. ಒಂದು ವರ್ಷ ಸೋಫಾ ಸಂದಿಯಲ್ಲಿ ಬಿಸ್ಕತ್ ಚೂರು ಸಿಕ್ಕಿತು. ಅದು ನನ್ನದೇ ಅಂತ ಅಜ್ಜಿಯ ಮಗಳಿಗೆ ದೂರು ಹೋಯಿತು. ನಾನು ಬಿಸ್ಕತ್ ತಿನ್ನುವುದೇ ಇಲ್ಲ.

ನನ್ನ ಕುಚ್ಚಲಕ್ಕಿ ಚೀಲ ಹಬ್ಬ ಮುಗಿಯುವವರೆಗೆ ಗೆಳತಿಯ ರೂಮಿನಲ್ಲಿ. ಆಲೂಗಡ್ಡೆ, ಮೊಟ್ಟೆ, ಮತ್ಸಾ (ಉಬ್ಬದ ಒಣ ರೊಟ್ಟಿ), ಮತ್ತೆ ಆಲೂಗಡ್ಡೆ. ಮತ್ಸಾ ತಿಂದು ಹೊಟ್ಟೆ ಕಟ್ಟಿಕೊಂಡಿದ್ದಕ್ಕೆ ಔಷಧಿಗೆ 60 ಶೆಕೆಲ್ ಕೈಯಿಂದ ಹಾಕಿದೆ, ಯಾರೂ ಕೊಡಲಿಲ್ಲ. ಕೆಳಗಿನ ಮಹಡಿಯ ಇರಾಕಿ ಯಹೂದಿ ಹೆಂಗಸು ಮಾತ್ರ ಅನ್ನ ಮಾಡುತ್ತಿದ್ದರು. ಬಿಳಿ ಬಟ್ಟೆ ಹಾಸಿ ಅಕ್ಕಿಯನ್ನು ಮೂರು ಸಲ ಆರಿಸುತ್ತಾರೆ, ಒಂದು ಗೋಧಿ ಕಾಳೂ ಇರಬಾರದು. ಆರಿಸಲು ನನ್ನನ್ನೇ ಕರೆಯುತ್ತಿದ್ದರು, ನನ್ನ ಕೈ ಬೇಗ.

ರಾಜಕೀಯ ಕೇಳಿದಿರಲ್ಲ. 2022ರಲ್ಲಿ ಅಜ್ಜಿ ಆಸ್ಪತ್ರೆಯಲ್ಲಿದ್ದರು. ಹಬ್ಬದಲ್ಲಿ ಬ್ರೆಡ್ ಇದೆಯಾ ಅಂತ ಬಂದವರ ಬ್ಯಾಗು ತಡಕುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿತ್ತು. ಆರೋಗ್ಯ ಮಂತ್ರಿ ಆ ತೀರ್ಪನ್ನು ಪಾಲಿಸಿ ಅಂದರು. ಅದನ್ನೇ ಮುಂದಿಟ್ಟುಕೊಂಡು ಆಡಳಿತ ಪಕ್ಷದ ಸಂಸದೆ ಇದಿತ್ ಸಿಲ್ಮನ್ ಹಬ್ಬಕ್ಕೆ ಸ್ವಲ್ಪ ಮೊದಲು ಒಕ್ಕೂಟ ಬಿಟ್ಟರು. ಪ್ರಧಾನಿ ಬೆನೆಟ್ ಸರ್ಕಾರದ 61 ಸೀಟು 60 ಆಯಿತು, ಬಹುಮತ ಹೋಯಿತು, ಬೇಸಿಗೆಯಲ್ಲಿ ಕ್ನೆಸೆಟ್ (ಸಂಸತ್ತು) ವಿಸರ್ಜನೆ. ಆಸ್ಪತ್ರೆಯವರು ಬ್ರೆಡ್ ತಡೆಯಬಹುದು ಅಂತ 2023ರಲ್ಲಿ ಕಾನೂನೇ ಬಂತು. ಆ ವರ್ಷದ ಸೇದರ್‌ನಲ್ಲಿ ಮಗಳು ಸರ್ಕಾರದ ವಿರುದ್ಧ ಕಪ್ಲಾನ್ ರಸ್ತೆಯಲ್ಲಿ ನಡೆಯುತ್ತಿದ್ದ ಪ್ರತಿಭಟನೆಯ ಟೀಶರ್ಟ್ ಹಾಕಿಕೊಂಡು ಬಂದರು, ಮಗ ಸೂಪ್ ಬಟ್ಟಲು ತಳ್ಳಿ ಎದ್ದರು. ಮೇಜುಬಟ್ಟೆ ತೊಳೆದದ್ದು ಯಾರು ಅಂತ ಹೇಳಬೇಕಾ?

ಸನ್ನಿವೇಲ್_ರೂತ್:
ನಾನು ಮೈಸೂರಿನವಳು, ಕನ್ಸರ್ವೇಟಿವ್ ರೀತಿಯಲ್ಲೇ ಮತಾಂತರ ಆದವಳು. ತರಗತಿಗೆ 900 ಡಾಲರ್, ಮಿಕ್ವಾಕ್ಕೆ (ಧಾರ್ಮಿಕ ಮುಳುಗುಸ್ನಾನ) 400, ಪುಸ್ತಕಗಳಿಗೆ ಲೆಕ್ಕವಿಟ್ಟಿಲ್ಲ. ಮೂವರು ರಬ್ಬಿಗಳ (ಧರ್ಮಗುರುಗಳ) ಮುಂದೆ ಕೂತು ಉತ್ತರ ಕೊಟ್ಟಿದ್ದೇನೆ, ಸುಮ್ನೆ ಅಲ್ಲ.

ಅನ್ನ ಬೇಳೆ ಧಾರಾಳವಾಗಿ ಮಾಡಿ. ಕನ್ಸರ್ವೇಟಿವ್‌ನವರ ಧರ್ಮವಿಧಿ ಸಮಿತಿ 2015ರಲ್ಲೇ ಕಿಟ್ನಿಯೋತ್‌ಗೆ, ಅಂದರೆ ಅಕ್ಕಿ ಬೇಳೆಯಂಥವಕ್ಕೆ, ಒಪ್ಪಿಗೆ ಕೊಟ್ಟಿದೆ. ಅತ್ತೆ ಕಾಲದವರು ಒಪ್ಪುತ್ತಾರಾ ಅನ್ನುವುದು ಬೇರೆ ಮಾತು. ನಮ್ಮತ್ತೆ ಹತ್ತು ವರ್ಷವಾದರೂ ಅನ್ನದ ಪಾತ್ರೆಯನ್ನು ಮೇಜಿನ ಆ ತುದಿಗೆ ಸರಿಸುತ್ತಾರೆ. ಆದರೆ ತೊವ್ವೆಗೆ ಹಿಂಗು ಹಾಕುತ್ತೀರಲ್ಲ, ಆ ಡಬ್ಬಿ ತಿರುಗಿಸಿ ಓದಿ. ಹೆಚ್ಚಿನವುಗಳಲ್ಲಿ ಗೋಧಿ ಹಿಟ್ಟು. ಅದು ಕಿಟ್ನಿಯೋತ್ ಅಲ್ಲ, ಶುದ್ಧ ಖಮೇತ್ಸ್. ಸಾರಿನ ಪುಡಿಯಲ್ಲೂ ಅದೇ ಹಿಂಗು. ನಾನು ಇಡೀ ಡಬ್ಬಿ ಸಾಲನ್ನೇ ಗ್ಯಾರೇಜಿಗೆ ಸಾಗಿಸಿ, ಹಬ್ಬದ ಮಟ್ಟಿಗೆ ಯಹೂದಿ ಅಲ್ಲದವರಿಗೆ ಮಾರುವ ಪತ್ರಕ್ಕೆ ಸಹಿ ಹಾಕಿ, ಹಬ್ಬದ ಪುಡಿ ಬೇರೆ ಕುಟ್ಟುತ್ತೇನೆ.

ಖರ್ಚು ಕೇಳಿ. ಹೊಸ ಪ್ರೆಷರ್ ಕುಕ್ಕರ್ 85. ಮಿಕ್ಸಿಯ ಬೇರೆ ಜಾರ್ 40. ಕೈಯಲ್ಲಿ ಮಾಡಿದ ಶ್ಮುರಾ ಮತ್ಸಾ (ಕೊಯ್ಲಿನಿಂದಲೇ ಕಾದಿಟ್ಟ ಗೋಧಿಯದು) ಪೌಂಡಿಗೆ 36 ಡಾಲರ್, ಅದರಲ್ಲಿ ಅರ್ಧ ಡಬ್ಬಿಯಲ್ಲೇ ಪುಡಿ. 2025ರ ಮಾರ್ಚ್‌ನಲ್ಲಿ ಮೊಟ್ಟೆ ಡಜನ್‌ಗೆ 6 ಡಾಲರ್ ಮೇಲಿತ್ತು. ಅಮ್ಮ ಕೊಟ್ಟ ದೋಸೆ ಕಾವಲಿಯನ್ನು ಕೋಷರ್ (ಧರ್ಮವಿಧಿಗೆ ಯೋಗ್ಯ) ಮಾಡಲು ಕೆಂಪಗೆ ಕಾಯಿಸಬೇಕು ಅಂದರು. ಕಾಯಿಸಿದೆ. ಇಪ್ಪತ್ತು ವರ್ಷ ಎಣ್ಣೆ ಕುಡಿದ ಕಾವಲಿ ಬೂದಿ ಬಣ್ಣಕ್ಕೆ ತಿರುಗಿ ಅಂಚಿನಲ್ಲಿ ಸೀಳಿತು. ಆ ರಬ್ಬಿಗೆ ದೋಸೆ ಅಂದರೇನು ಗೊತ್ತು!

ಒಂದು ಕೇಳುತ್ತೇನೆ, ಬೇಜಾರಾಗಬೇಡಿ. ಮಕ್ಕಳಿದ್ದರೆ ಅವರಿಗೆ ಮಿಕ್ವಾ ಮಾಡಿಸಿದ್ದೀರಾ? ಅಮ್ಮ ಯಹೂದಿ ಅಲ್ಲ ಅಂದರೆ ಮಕ್ಕಳೂ ಅಲ್ಲ. ಕುರ್ಚಿಗಿಂತ ಮೊದಲು ಅದನ್ನು ಯೋಚಿಸಿ.

ಬಾಸ್ಟನ್_ಅಳಿಯ:
ರೂತ್ ಅವರೇ, ಕೇಳಿದ್ದು ಬೇಳೆ ಬಗ್ಗೆ, ನೀವು ಮಕ್ಕಳ ಜಾತಿ ಸರ್ಟಿಫಿಕೇಟ್ ಕೇಳುತ್ತಿದ್ದೀರಿ. ಉದಾರ ಪಂಥವಾದ ರಿಫಾರ್ಮ್‌ನವರು 1983ರಲ್ಲೇ ಅಪ್ಪನ ಕಡೆಯಿಂದಲೂ ಯಹೂದಿ ಎಂದು ಒಪ್ಪಿದ್ದಾರೆ, ಮಗು ಹಾಗೆ ಬೆಳೆದರೆ ಸಾಕು. ಮಲ್ಲೇಶ್ವರದಲ್ಲಿ ಇದೇ ಮಡಿ ನೋಡಿ ಸಾಕಾಗಿ ಇಲ್ಲಿಗೆ ಬಂದವನು ನಾನು.

ಸೇದರ್‌ಗೆ ರಾಜಕೀಯ ತರಬೇಡಿ ಅನ್ನುವವರಿಗೆ ಒಂದು ಮಾತು. 1969ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಸತ್ತು ಸರಿಯಾಗಿ ವರ್ಷಕ್ಕೆ, ವಾಷಿಂಗ್ಟನ್‌ನಲ್ಲಿ ಯಹೂದಿ ಹೋರಾಟಗಾರ ಆರ್ಥರ್ ವಾಸ್ಕೋ ‘ಫ್ರೀಡಂ ಸೇದರ್’ ಮಾಡಿದರು. ಕರಿಯರು ಬಿಳಿಯರು ಒಟ್ಟಿಗೆ ಕೂತು ಹಗ್ಗಾದಾ (ಸೇದರ್‌ನ ಪುಸ್ತಕ) ಓದಿದರು. ದೇಶ ಬಿಟ್ಟು ಹೋಗಲು ಬಿಡದಿದ್ದ ಸೋವಿಯತ್ ಯಹೂದಿಗಳಿಗಾಗಿ ಮೇಜಿನ ಮೇಲೆ ಇನ್ನೊಂದು ಮತ್ಸಾ ಇಡುತ್ತಿದ್ದುದು ನನ್ನ ಮಾವನಿಗೇ ನೆನಪಿದೆ. ಆ ಮನುಷ್ಯನೇ ಕಳೆದ ವರ್ಷ ಗಾಜಾ ಅಂದ ಕೂಡಲೇ ‘ಸೇದರ್‌ನಲ್ಲಿ ರಾಜಕೀಯ ಬೇಡ’ ಅಂದರು.

ನಮ್ಮ ಮನೆಯಲ್ಲಿ ಆದದ್ದು ಹೀಗೆ. ದೇವರು ಈಜಿಪ್ಟಿನ ಮೇಲೆ ಕಳಿಸಿದ ಹತ್ತು ಪಿಡುಗುಗಳಿಗೆ ವೈನ್ ಹನಿ ತೆಗೆಯುತ್ತೇವಲ್ಲ, ಈಜಿಪ್ಟಿನವರ ನೋವಿಗೆ ನಮ್ಮ ಬಟ್ಟಲು ತುಂಬಿರಬಾರದು ಅಂತ. ಅಲ್ಲಿ ಹೆಂಡತಿ ಇನ್ನೊಂದು ಹನಿ ತೆಗೆದು ಗಾಜಾ ಅಂದಳು. ಮಾವ ಮಾತಾಡಲಿಲ್ಲ. ಪ್ರವಾದಿ ಎಲೀಯನಿಗೆ ಬಾಗಿಲು ತೆರೆಯುವಾಗ, ಯಹೂದಿಗಳನ್ನು ತುಳಿದ ಜನಾಂಗಗಳ ಮೇಲೆ ‘ನಿನ್ನ ಕೋಪವನ್ನು ಸುರಿಸು’ ಎಂದು ದೇವರನ್ನು ಬೇಡುವ ಭಾಗ ಬರುತ್ತದೆ. ನಾವು ಎಷ್ಟೋ ವರ್ಷದಿಂದ ಅದನ್ನು ಬಿಟ್ಟಿದ್ದೇವೆ. ಮಾವ ಎದ್ದು ನಿಂತು ಅದನ್ನು ಹೀಬ್ರೂನಲ್ಲಿ ದೊಡ್ಡ ದನಿಯಲ್ಲಿ ಓದಿ, ತೆರೆದ ಬಾಗಿಲಿಂದಲೇ ಕಾರಿಗೆ ಹೋದರು. ಅತ್ತೆ ಒಳಗೇ ಉಳಿದರು. ಬ್ರಿಸ್ಕೆಟ್‌ಗೆ (ದನದ ಮಾಂಸ) 140 ಡಾಲರ್ ಕೊಟ್ಟಿದ್ದೆ, ಮುಕ್ಕಾಲು ಭಾಗ ಫ್ರೀಜರ್‌ಗೆ ಹೋಯಿತು. ಹೆಂಡತಿ ಮಾಡಿದ್ದು ಸರಿ, ಈಗಲೂ ಹೇಳುತ್ತೇನೆ. ಮಾವ ಈ ವರ್ಷ ಫ್ಲಾರಿಡಾಕ್ಕೆ ಟಿಕೆಟ್ ಮಾಡಿಸಿದ್ದಾರೆ.

ಸನ್ನಿವೇಲ್_ರೂತ್:
ಜಾತಿ ಅಂದಿರಿ, ಬಹಳ ಚೆನ್ನಾಗಿದೆ. ನಾನು ಸೇರಿದ್ದು ಕಷ್ಟಪಟ್ಟು, ನಿಮ್ಮ ಹಾಗೆ ಮದುವೆಯಾಗಿ ಹಬ್ಬಕ್ಕೆ ಊಟಕ್ಕೆ ಬಂದವಳಲ್ಲ. ಮುದುಕರನ್ನು ಹಬ್ಬದ ದಿನ ಮನೆಯಿಂದ ಓಡಿಸಿದ್ದನ್ನು ಹೆಮ್ಮೆಯಿಂದ ಬೇರೆ ಬರೆಯುತ್ತೀರಿ.

ಬಾಸ್ಟನ್_ಅಳಿಯ:
ಓಡಿಸಲಿಲ್ಲ, ಹೋದರು. ಓದಿ ಬರೆಯಿರಿ. ನಿಮ್ಮ ಮೂವರು ರಬ್ಬಿಗಳ ಪತ್ರ ಹಿಡಿದು, ಕನ್ಸರ್ವೇಟಿವ್ ಮತಾಂತರ ಒಪ್ಪದ ಇಸ್ರೇಲಿನ ರಬ್ಬಿಗಳ ಕಚೇರಿಯಲ್ಲಿ ಮದುವೆ ನೋಂದಾಯಿಸಲು ಹೋಗಿ. ಆಗ ಗೊತ್ತಾಗುತ್ತದೆ ಯಾರು ಊಟಕ್ಕೆ ಬಂದವರು ಅಂತ.

ದಿಮೋನಾ_ಹುಬ್ಬಳ್ಳಿ:
ಇಬ್ಬರೂ ನಿಲ್ಲಿಸಿ. ಯಾರು ಯಹೂದಿ ಅನ್ನುವ ಪರೀಕ್ಷೆ ಬರೆದವರು ನಾವು. ನಾವು ಬೆನೆ ಇಸ್ರೇಲ್, ಕೊಂಕಣದ ಯಹೂದಿಗಳು. ಅಪ್ಪ ಹುಬ್ಬಳ್ಳಿ ರೈಲ್ವೆಯಲ್ಲಿದ್ದರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ದೊಡ್ಡಪ್ಪ ಮೊದಲೇ ಇಸ್ರೇಲಿಗೆ ಬಂದು ಇಲ್ಲಿ ಮದುವೆಗೆ ಹೆಸರು ಕೊಟ್ಟಾಗ, ಅಜ್ಜಿಯ ಅಜ್ಜಿ ಯಾರು ಅಂತ ವಂಶ ಕೆದಕಿದರು. ಬೇರೆ ಯಹೂದಿಗಳನ್ನು ಮದುವೆಯಾಗಬೇಕಾದರೆ ನಮ್ಮ ಮೂಲ ತನಿಖೆ ಮಾಡಬೇಕು ಎಂದು ಮುಖ್ಯ ರಬ್ಬಿಗಳ ಕಚೇರಿ ಆದೇಶ ಹೊರಡಿಸಿತ್ತು. 1964ರಲ್ಲಿ ನಮ್ಮವರು ಜೆರುಸಲೇಮಿನಲ್ಲಿ ಧರಣಿ ಕೂತರು. ಕ್ನೆಸೆಟ್ ಚರ್ಚೆ ಮಾಡಿದ ಮೇಲೆ ಆದೇಶದಿಂದ ನಮ್ಮ ಹೆಸರು ತೆಗೆದರು. ದೊಡ್ಡಪ್ಪ ಸಾಯುವವರೆಗೆ ಆ ರಬ್ಬಿಗಳ ಹೆಸರು ಕೇಳಿದರೆ ಎದ್ದು ಹೋಗುತ್ತಿದ್ದರು.

ಅನ್ನದ ಪ್ರಶ್ನೆ ನಮಗೆ ಇಲ್ಲವೇ ಇಲ್ಲ. ಕೊಂಕಣದ ಕಾಲದಿಂದ ತಿಂದಿದ್ದೇವೆ. ಎಲಿಯಾಹು ಹನ್ನಾಬಿ (ಅದೇ ಪ್ರವಾದಿ ಎಲೀಯ) ಹೆಸರಲ್ಲಿ ಮಲೀದಾ ನೈವೇದ್ಯ ಮಾಡುವುದೂ ಅವಲಕ್ಕಿಯಲ್ಲೇ. ಕೋಷರ್ ವೈನ್ ಸಿಗದ ಊರಲ್ಲಿ ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತಿನಲ್ಲೇ ಕಿದ್ದುಶ್ (ವೈನ್ ಮೇಲೆ ಹೇಳುವ ಪ್ರಾರ್ಥನೆ). ಅದಕ್ಕಿಂತ ರುಚಿಯಾದ ವೈನ್ ನಾನು ಕುಡಿದಿಲ್ಲ.

ಇನ್ನು ಖಾಲಿ ಕುರ್ಚಿ. ಅಮೆರಿಕದಲ್ಲಿ ಅದೊಂದು ಕುರ್ಚಿ. ನಮ್ಮ ಮನೆಯಲ್ಲಿ ಕಳೆದ ಸೇದರ್‌ಗೆ ಮಗನ ಕುರ್ಚಿಯೇ ಖಾಲಿ. ಮೊದಲು ಗಾಜಾ, ಆಮೇಲೆ ಲೆಬನಾನ್ ಗಡಿ, ಮಾರ್ಚ್ 18ಕ್ಕೆ ಕದನ ವಿರಾಮ ಮುರಿದ ಮೇಲೆ ಸೇನೆಯಿಂದ ಮತ್ತೆ ಕರೆ. ಅವನ ಎಲೆಕ್ಟ್ರಿಕಲ್ ಅಂಗಡಿ ಮುಚ್ಚಿತು. ಬಾಡಿಗೆ ಬಾಕಿ 22,000 ಶೆಕೆಲ್, ವ್ಯಾನಿನ ಕಂತು ಬೇರೆ. ಹರೇದಿ (ಕಟ್ಟಾ ಸಂಪ್ರದಾಯಸ್ಥ) ಹುಡುಗರನ್ನೂ ಸೇನೆಗೆ ಕರೆಯಬೇಕು ಎಂದು 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರೆ ಹೋಯಿತು, ಬಂದವರು ಬೆರಳೆಣಿಕೆ. 2025ರ ಮಾರ್ಚ್ ಕೊನೆಗೆ ಗಾಜಾದಲ್ಲಿ ಇನ್ನೂ 59 ಒತ್ತೆಯಾಳುಗಳು ಉಳಿದಿದ್ದರು, ಬದುಕಿದ್ದವರು ಅರ್ಧವೂ ಇಲ್ಲ ಅನ್ನುತ್ತಿದ್ದರು. ನಿಮ್ಮ ಮಾವ ಕುರ್ಚಿ ಇಡಲಿ, ಆದರೆ ಆ ಜನರನ್ನು ಬಿಡಿಸಿಕೊಳ್ಳದ ಸರ್ಕಾರದ ಬಗ್ಗೆಯೂ ಮಾತಾಡಲಿ. ಮಾತಾಡುವುದಿಲ್ಲ, ಅಲ್ವಾ?

ಬಾಸ್ಟನ್_ಅಳಿಯ:
ನಿಮ್ಮ ಮಗನ ಬಗ್ಗೆ ಗೌರವವಿದೆ. ಆದರೆ ಅವನು ಹೋಗಿದ್ದು ಎಲ್ಲಿಗೆ, ಅಲ್ಲಿ ಏನಾಗುತ್ತಿದೆ ಅಂತ ಕೇಳುವ ಹಕ್ಕು ಆ ಕಾಲೇಜು ಹುಡುಗಿಗೆ ಇಲ್ಲವಾ?

ದಿಮೋನಾ_ಹುಬ್ಬಳ್ಳಿ:
ಇದೆ. ಇಲ್ಲಿ ಬಂದು ಸೈರನ್ ಕೇಳಿ ಆಮೇಲೆ ಕೇಳಲಿ.

ಹೈಫಾ_ಉಡುಪಿ:
ಸೈರನ್ ನಾನೂ ಕೇಳಿದ್ದೇನೆ. ಕಳೆದ ಶರತ್ಕಾಲ ಹೈಫಾಕ್ಕೆ ಹಿಜ್ಬುಲ್ಲಾ ರಾಕೆಟ್ ಬರುವಾಗ ಅಜ್ಜಿಯನ್ನು ಎತ್ತಿಕೊಂಡು ಮೆಟ್ಟಿಲು ಇಳಿದವಳು ನಾನು. ನನ್ನ ಸೊಂಟ ಇನ್ನೂ ನೆಟ್ಟಗಾಗಿಲ್ಲ. ನಮ್ಮಂಥ ಕೆಲಸದವರ ಕುರ್ಚಿ ಎಲ್ಲಿ ಅಂತ ಕೇಳುವವರಿಲ್ಲ. ಅಕ್ಟೋಬರ್ 7ರಂದು ಗಡಿಯಲ್ಲಿ ಹೊಲದ ಕೆಲಸದ ಥಾಯ್ ಹುಡುಗರನ್ನೂ ಎಳೆದುಕೊಂಡು ಹೋದರು, ಕೊಂದರು. ಅವರ ಫೋಟೋ ಎಷ್ಟು ಮನೆಯ ಮೇಜಿನ ಮೇಲಿದೆ?

ಅದಿರಲಿ. ಅನ್ನ ಆಗುತ್ತದೆ ಅಂದರೆ ಇಡ್ಲಿ ಆಗುತ್ತದಾ? ಹಿಟ್ಟು ಉಬ್ಬುತ್ತದಲ್ಲ, ಉಬ್ಬಿದ್ದೇ ಅಲ್ವಾ ತಪ್ಪು?

ಸನ್ನಿವೇಲ್_ರೂತ್:
ಇಡ್ಲಿ ಆಗುತ್ತದೆ. ಖಮೇತ್ಸ್ ಆಗುವುದು ಐದೇ ಧಾನ್ಯ: ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್. ಅಕ್ಕಿ ಉಬ್ಬಿದರೂ ಅದು ಕೊಳೆಯುವುದೇ ಹೊರತು ಹುಳಿಯುವುದಲ್ಲ ಎಂದು ಧರ್ಮಗ್ರಂಥ ತಲ್ಮೂದ್‌ನಲ್ಲೇ ಇದೆ. ರವೆ ಇಡ್ಲಿ ಮಾತ್ರ ಬಿಲ್ಕುಲ್ ಇಲ್ಲ.

ಬಾಸ್ಟನ್_ಅಳಿಯ:
ಅಂದರೆ ನಮ್ಮ ಇಡ್ಲಿ ಕೊಳೆತದ್ದು. ಮೈಸೂರಿನವರ ಬಾಯಲ್ಲಿ ಇದನ್ನು ಕೇಳಬೇಕಾಯಿತು.

ಎಡಿಸನ್_ಸೊಸೆ:
ಎಲ್ಲರಿಗೂ ಥ್ಯಾಂಕ್ಸ್, ಆದರೆ ಕುರ್ಚಿ ಇಡಲಾ ಬೇಡವಾ ಅಂತ ಒಬ್ಬರೂ ಹೇಳಲಿಲ್ಲ. ಮತ್ತೆ ರೂತ್ ಅವರೇ, ನನ್ನ ಮಕ್ಕಳ ಮಿಕ್ವಾ ನಿಮಗೆ ಸಂಬಂಧವಿಲ್ಲ.

ದಿಮೋನಾ_ಹುಬ್ಬಳ್ಳಿ:
ಕುರ್ಚಿ ಇಡಿ. ಹುಡುಗಿಯೂ ಓದಲಿ. ಯಾರಾದರೂ ಎದ್ದು ಹೋಗೇ ಹೋಗುತ್ತಾರೆ, ಊಟ ಕಡಿಮೆ ಮಾಡಿ.

ಸನ್ನಿವೇಲ್_ರೂತ್:
ಸಂಬಂಧವಿಲ್ಲ ಅಂದರೆ ಬಿಡಿ. ಆದರೆ ಈ ಸಲ ಸೇದರ್ ಶಬ್ಬಾತ್ (ಶನಿವಾರದ ವಿಶ್ರಾಂತಿ ದಿನ) ಮುಗಿಯುವ ರಾತ್ರಿ ಬಂದಿದೆ, ಅದನ್ನಾದರೂ ಕೇಳಿಸಿಕೊಳ್ಳಿ. ಖಮೇತ್ಸ್ ಸುಡುವುದು ಶುಕ್ರವಾರ ಬೆಳಗ್ಗೆಯೇ. ಅಡುಗೆಯೂ ಶುಕ್ರವಾರವೇ ಮುಗಿಸಿಟ್ಟರೆ ಒಳ್ಳೆಯದು. ಶನಿವಾರ ರಾತ್ರಿ 8 ದಾಟುವವರೆಗೆ ಮೇಜು ಕೂಡ ಹಾಕುವ ಹಾಗಿಲ್ಲ. ಊಟ 10ರ ಮೇಲೇ. ಮಕ್ಕಳಿಗೆ ಮಧ್ಯಾಹ್ನ ನಿದ್ದೆ ಮಾಡಿಸಿ.

ಹೈಫಾ_ಉಡುಪಿ:
ಗೋಧಿ ಇಲ್ಲದ ಹಿಂಗು ಎಲ್ಲಿ ಸಿಗುತ್ತದೆ?

ಬಾಸ್ಟನ್_ಅಳಿಯ:
ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಗ್ಲುಟನ್ ಫ್ರೀ ಅಂತ ಬರೆದದ್ದು ಇದೆ. ಸಣ್ಣ ಡಬ್ಬಿಗೆ 7 ಡಾಲರ್, ದರೋಡೆ.

ಸನ್ನಿವೇಲ್_ರೂತ್:
ಗ್ಲುಟನ್ ಫ್ರೀ ಬೇರೆ, ಪೆಸಾಖ್‌ಗೆ ಕೋಷರ್ ಬೇರೆ. ಮುದ್ರೆ ಇಲ್ಲದ್ದನ್ನು ನಾನು ಒಳಗೆ ತರುವುದಿಲ್ಲ. ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಸಾಕು.

ಬಾಸ್ಟನ್_ಅಳಿಯ:
ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ತಿನ್ನುವುದಿಲ್ಲ.

ಸನ್ನಿವೇಲ್_ರೂತ್:
ಮಡಿ ಸಾಕಾಗಿ ಬಂದವರು ಅಂದಿರಲ್ಲ?