ಸಹಾಯ ಬೇಕು: ಅಪ್ಪನ ಜೊತೆ ಮಗಳಿಗೂ ಬ್ರಿಟಿಷ್ ಪೌರತ್ವ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ನನ್ನ ಗಂಡ ಬ್ರಿಟಿಷ್ ಪೌರತ್ವಕ್ಕೆ ಫಾರ್ಮ್ ಎಎನ್ ಹಾಕುತ್ತಿದ್ದಾರೆ. ನನಗೂ ಮಗಳಿಗೂ ಐಎಲ್‌ಆರ್ (ಇಲ್ಲಿ ಕಾಲಮಿತಿಯಿಲ್ಲದೆ ನೆಲೆಸುವ ಅನುಮತಿ) ಇದೆ. ನಾನು ಸದ್ಯಕ್ಕೆ ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಳ್ಳುತ್ತೇನೆ. ಮಗಳು ಹುಟ್ಟಿದ್ದು ದಾವಣಗೆರೆಯಲ್ಲಿ, ಈಗ 11 ವರ್ಷ.

ಅವಳನ್ನು ಬ್ರಿಟಿಷ್ ಪ್ರಜೆಯಾಗಿ ನೋಂದಾಯಿಸಲು ಬೇರೆ ಎಂಎನ್1 ಫಾರ್ಮ್, ಬೇರೆ ಶುಲ್ಕ. ಇಲ್ಲೇ ಹುಟ್ಟಿದ್ದರೆ, ನಮಗೆ ಐಎಲ್‌ಆರ್ ಸಿಕ್ಕಾಗಲೇ ನೋಂದಣಿ ಅವಳ ಹಕ್ಕಾಗುತ್ತಿತ್ತು. ಹೊರಗೆ ಹುಟ್ಟಿದ್ದರಿಂದ 1981ರ ಬ್ರಿಟಿಷ್ ಪೌರತ್ವ ಕಾಯ್ದೆಯ 3(1)ನೇ ಸೆಕ್ಷನ್, ಅಂದರೆ ಕೊಡುವುದು ಬಿಡುವುದು ಹೋಮ್ ಆಫೀಸಿನ (ಇಲ್ಲಿನ ಗೃಹ ಇಲಾಖೆ) ವಿವೇಚನೆ. ನನಗೆ ಅದೇ ಚಿಂತೆ. ಅಪ್ಪ ಅಮ್ಮನಲ್ಲಿ ಒಬ್ಬರಷ್ಟೇ ಬ್ರಿಟಿಷ್ ಆಗುವಾಗ ಮಗುವಿನ ಅರ್ಜಿ ಒಟ್ಟಿಗೆ ಹಾಕಿದವರು ಇದ್ದೀರಾ? ಅಥವಾ ನನ್ನ ಗಂಡನಿಗೆ ಪೌರತ್ವದ ಸರ್ಟಿಫಿಕೇಟ್ ಬಂದ ಮೇಲೆ ಹಾಕುವುದೇ ಒಳ್ಳೆಯದಾ? ಶುಲ್ಕ ಜಾಸ್ತಿ, ಸುಮ್ನೆ ಕಳೆದುಕೊಳ್ಳಲು ಆಗುವುದಿಲ್ಲ.

ಇನ್ನೊಂದು ತೊಡಕು. ಜನನ ಪ್ರಮಾಣಪತ್ರದಲ್ಲಿ ಮಗಳ ಹೆಸರೇ ಇಲ್ಲ. ನಾಮಕರಣಕ್ಕೆ ಮೊದಲೇ ತೆಗೆದುಕೊಂಡರೆ ಹಾಗೆಯೇ ಇರುತ್ತದೆ ಅಲ್ವಾ. ಇಲ್ಲಿಂದಲೇ ಪಾಲಿಕೆಯಲ್ಲಿ ಹೆಸರು ಸೇರಿಸಿದವರು ಹೇಗೆ ಮಾಡಿದಿರಿ? ಊರಲ್ಲಿರುವ ನನ್ನ ಅಣ್ಣ ಹೋದರೆ ಸಾಕಾ?

ಎರಡು ಪೌರತ್ವವನ್ನು ಭಾರತ ಒಪ್ಪುವುದಿಲ್ಲ. ಆಮೇಲೆ ಅವಳಿಗೆ ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಮಾಡಿಸಬೇಕು. ಅಜ್ಜಿಯನ್ನು ನೋಡಲು ಬೇಸಿಗೆಗೆ ಹೋಗಬೇಕೆಂದು ಕಾಯುತ್ತಿದ್ದಾಳೆ. ಮಕ್ಕಳ ಓಸಿಐಗೆ ಎಷ್ಟು ದಿನ ಹಿಡಿಯಿತು, ದಯವಿಟ್ಟು ತಿಳಿಸಿ.