ಕ್ಲೋನ್ ಮಾಡಿದ ವಿಎಂಗಳಿಗೆಲ್ಲ ಒಂದೇ ಐಪಿ: ಟೆಸ್ಟ್ ಸರ್ವರ್ ಕಟ್ಟಿದವರು ಹೇಳಿ

ಪ್ರಶ್ನೆ, ತುಮಕೂರಿನಿಂದ:
ತಿಪಟೂರಿನ ಕೊಬ್ಬರಿ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಚಿಕ್ಕ ತಂಡ ನಮ್ಮದು. ಹೊಸ ವರ್ಷನ್ ಪರೀಕ್ಷಿಸಲು ವೆಬ್, ಆ್ಯಪ್, ಡೇಟಾಬೇಸ್ ಅಂತ ಮೂರು ಸರ್ವರ್ ಬೇಕು. 16 ಜಿಬಿ ರ‍್ಯಾಮ್‌ನ ವಿಂಡೋಸ್ ಡೆಸ್ಕ್‌ಟಾಪ್, ಅದರ ಮೇಲೆ ವರ್ಚುವಲ್‌ಬಾಕ್ಸ್ (ಒಂದೇ ಕಂಪ್ಯೂಟರಿನೊಳಗೆ ವಿಎಂ, ಅಂದರೆ ವರ್ಚುವಲ್ ಮಷೀನ್‌ಗಳನ್ನು ಓಡಿಸುವ ಸಾಫ್ಟ್‌ವೇರ್), ಒಳಗೆ ಉಬುಂಟು ಸರ್ವರ್ 22.04. ಒಂದನ್ನು ಇನ್‌ಸ್ಟಾಲ್ ಮಾಡಿ ಎರಡು ಕ್ಲೋನ್ (ಇದ್ದಹಾಗೇ ನಕಲು) ತೆಗೆದೆವು. ನ್ಯಾಟ್‌ನಲ್ಲಿ (ಡೆಸ್ಕ್‌ಟಾಪ್ ಮರೆಯಲ್ಲಿ ಹೊರಗೆ ಹೋಗುವ ಜಾಲ) ಇಟ್ಟರೆ ಮೂರಕ್ಕೂ 10.0.2.15. ಬ್ರಿಡ್ಜ್ ಮಾಡಿ ವಿಎಂಗಳನ್ನು ನೇರ ರೂಟರ್ ಜಾಲಕ್ಕೆ ಸೇರಿಸಿದರೂ ರೂಟರ್ ಮೂರಕ್ಕೂ ಒಂದೇ ಐಪಿ ಕೊಡುತ್ತಿದೆ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಒಮ್ಮೆ ಇದಕ್ಕೆ ಹೋದರೆ ಇನ್ನೊಮ್ಮೆ ಅದಕ್ಕೆ. ಕ್ಲೋನ್ ಮಾಡುವಾಗ ಹೊಸ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ) ಆಯ್ಕೆಯನ್ನೇ ಕೊಟ್ಟಿದ್ದೇವೆ. ಮತ್ತೇನು ಉಳಿದಿದೆ?

ಕೋಲಾರ:
ನೀವು ಹೇಳಿದ ಎರಡೂ ಬೇರೆ ಬೇರೆ ತೊಂದರೆ. ಮೊದಲನೆಯದು ತೊಂದರೆಯೇ ಅಲ್ಲ. ವರ್ಚುವಲ್‌ಬಾಕ್ಸ್‌ನ ಸಾದಾ ನ್ಯಾಟ್‌ನಲ್ಲಿ ಪ್ರತಿ ವಿಎಂಗೂ ಅದರದೇ ಪುಟ್ಟ ರೂಟರ್ ಇರುತ್ತದೆ. ಹಾಗಾಗಿ ಎಲ್ಲಕ್ಕೂ 10.0.2.15, ಗೇಟ್‌ವೇ 10.0.2.2. ಹೊರಗಿನ ಇಂಟರ್‌ನೆಟ್ ಸಿಗುತ್ತದೆ, ಒಂದಕ್ಕೊಂದು ಮಾತ್ರ ಕಾಣುವುದಿಲ್ಲ.

ಎರಡನೆಯದು ನಿಜವಾದ ಕಿರಿಕಿರಿ. ಉಬುಂಟು ಸರ್ವರ್‌ನ ನೆಟ್‌ವರ್ಕ್ ನೋಡಿಕೊಳ್ಳುವ ನೆಟ್‌ವರ್ಕ್‌ಡಿ, ಡಿಎಚ್‌ಸಿಪಿಯಲ್ಲಿ (ರೂಟರ್ ತಾನಾಗಿ ಐಪಿ ಹಂಚುವ ವ್ಯವಸ್ಥೆ) ಐಪಿ ಕೇಳುವಾಗ ತನ್ನ ಗುರುತು ಅಂತ ಮ್ಯಾಕ್ ಕೊಡುವುದಿಲ್ಲ, ಮಷೀನ್-ಐಡಿಯಿಂದ (ಆ ಯಂತ್ರಕ್ಕೆ ಉಬುಂಟು ಇಟ್ಟುಕೊಂಡ ಗುರುತು) ಹುಟ್ಟಿಸಿದ ಒಂದು ಐಡಿ ಕೊಡುತ್ತದೆ. ಕ್ಲೋನ್‌ನಲ್ಲಿ ಮಷೀನ್-ಐಡಿ ಹಾಗೆಯೇ ನಕಲಾಗಿರುತ್ತದೆ. ಮ್ಯಾಕ್ ಬೇರೆಯಿದ್ದರೂ ರೂಟರ್ ಪಾಲಿಗೆ ಮೂರೂ ಒಂದೇ ಗಿರಾಕಿ. ಇಟಿಸಿ ಫೋಲ್ಡರ್‌ನ ಮಷೀನ್-ಐಡಿ ಫೈಲನ್ನು ಟ್ರಂಕೇಟ್ ಕಮಾಂಡ್‌ನಿಂದ ಸೊನ್ನೆ ಬೈಟ್‌ಗೆ ಇಳಿಸಿ ರೀಬೂಟ್ ಮಾಡಿ, ಹೊಸದು ತಾನೇ ಹುಟ್ಟುತ್ತದೆ. ಫೈಲನ್ನು ಡಿಲೀಟ್ ಮಾಡಬೇಡಿ, ಖಾಲಿ ಮಾಡಿ ಸಾಕು. ಡಿ-ಬಸ್ ಫೋಲ್ಡರ್‌ನಲ್ಲೂ ಅದೇ ಹೆಸರಿನ ಫೈಲ್ ಇರುತ್ತದೆ. ಅದು ಸಿಮ್‌ಲಿಂಕ್, ಅಂದರೆ ಮೊದಲಿನ ಫೈಲನ್ನು ತೋರಿಸುವ ಕೊಂಡಿ ಮಾತ್ರ ಆಗಿರಬೇಕು. ನಿಜವಾದ ಫೈಲ್ ಆಗಿದ್ದರೆ ಹಳೆಯ ಐಡಿ ಅಲ್ಲಿಂದ ವಾಪಸ್ ಬಂದು ಕೂರುತ್ತದೆ.

ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್) ಫೈಲಿನಲ್ಲಿ ಡಿಎಚ್‌ಸಿಪಿ-ಐಡೆಂಟಿಫೈಯರ್ ಅನ್ನು ಮ್ಯಾಕ್ ಅಂತ ಮಾಡಿದರೂ ಐಪಿ ಬೇರೆಯಾಗುತ್ತದೆ. ಆದರೆ ಮಷೀನ್-ಐಡಿ ಒಂದೇ ಉಳಿಯುತ್ತದೆ, ನಾಳೆ ಲಾಗ್‌ಗಳನ್ನೆಲ್ಲ ಒಂದೇ ಕಡೆ ಸೇರಿಸಿದಾಗ ಯಾವುದು ಯಾರದ್ದು ಅಂತ ಗೊತ್ತಾಗದು. ಅದು ತೇಪೆ ಅಷ್ಟೇ.

ಚಿಕ್ಕಬಳ್ಳಾಪುರ:
ಮೇಲಿನದು ಸರಿ, ಆದರೆ ಬ್ರಿಡ್ಜ್ ಗೊಡವೆಯೇ ಬೇಡ. ಡೆಸ್ಕ್‌ಟಾಪ್ ವೈಫೈನಲ್ಲಿದ್ದರಂತೂ ಖಂಡಿತ ಬೇಡ: ವೈಫೈ ಕಾರ್ಡ್ ಸಾಮಾನ್ಯವಾಗಿ ತನ್ನದೊಂದೇ ಮ್ಯಾಕ್‌ನಿಂದ ಆ್ಯಕ್ಸೆಸ್ ಪಾಯಿಂಟ್ ಜೊತೆ ಮಾತಾಡುತ್ತದೆ, ಹಿಂದಿರುವ ವಿಎಂಗಳ ಮ್ಯಾಕ್ ಅಲ್ಲಿಗೆ ದಾಟುವುದಿಲ್ಲ. ವರ್ಚುವಲ್‌ಬಾಕ್ಸ್ ಮ್ಯಾಕ್ ಅದಲುಬದಲು ಮಾಡಿ ಹೇಗೋ ನಡೆಸುತ್ತದೆ, ಕೆಲವು ರೂಟರ್‌ಗಳಲ್ಲಿ ಅದೂ ನಡೆಯುವುದಿಲ್ಲ.

ಪ್ರತಿ ವಿಎಂಗೆ ಎರಡು ಅಡಾಪ್ಟರ್ ಕೊಡಿ. ಮೊದಲನೆಯದು ನ್ಯಾಟ್, ಅಪ್‌ಡೇಟ್ ಇಳಿಸಲು. ಎರಡನೆಯದು ಹೋಸ್ಟ್-ಓನ್ಲಿ, ತಮ್ಮತಮ್ಮಲ್ಲಿ ಮಾತಾಡಲು ಮತ್ತು ನಿಮ್ಮ ಎಸ್‌ಎಸ್‌ಎಚ್‌ಗೆ. ಹೋಸ್ಟ್-ಓನ್ಲಿ ಜಾಲ ಮಾಮೂಲಿಯಾಗಿ 192.168.56.0/24, ಡೆಸ್ಕ್‌ಟಾಪ್‌ಗೆ 56.1, ಡಿಎಚ್‌ಸಿಪಿ ಹಂಚುವುದು 101ರಿಂದ ಮೇಲೆ. ಆದ್ದರಿಂದ ವೆಬ್‌ಗೆ 11, ಆ್ಯಪ್‌ಗೆ 12, ಡೇಟಾಬೇಸ್‌ಗೆ 13 ಅಂತ ಸ್ಥಿರ ಐಪಿ ಬರೆದುಬಿಡಿ, ಡಿಕ್ಕಿಯಾಗುವುದಿಲ್ಲ. ಉಬುಂಟು ಒಳಗೆ ಇವು ಸಾಮಾನ್ಯವಾಗಿ ಇಎನ್‌ಪಿ0ಎಸ್3, ಇಎನ್‌ಪಿ0ಎಸ್8 ಅಂತ ಕಾಣುತ್ತವೆ. ಆಮೇಲೆ ಸೇರಿಸಿದ ಎಸ್8 ನೆಟ್‌ಪ್ಲಾನ್‌ನಲ್ಲಿ ತಾನಾಗಿ ಬರುವುದಿಲ್ಲ, ನೀವೇ ಬರೆಯಬೇಕು. ಎಸ್8ಗೆ ಗೇಟ್‌ವೇ ಮಾತ್ರ ಬರೆಯಬೇಡಿ. ಎರಡು ಡೀಫಾಲ್ಟ್ ರೂಟ್ (ಹೊರಹೋಗುವ ದಾರಿ) ಆದರೆ ಪ್ಯಾಕೆಟ್ ದಾರಿಯಿಲ್ಲದ ಕಡೆ ಹೋಗಿ ‘ನೆಟ್ ಒಂದ್ಸಲ ಬರುತ್ತೆ, ಒಂದ್ಸಲ ಇಲ್ಲ’ ಅನ್ನೋ ಪುರಾಣ ಶುರು. ಇಂಡೆಂಟ್‌ಗೆ ಸ್ಪೇಸ್ ಬಳಸಿ, ಟ್ಯಾಬ್ ಒತ್ತಿದರೆ ಫೈಲ್ ಓದುವುದೇ ಇಲ್ಲ. ಅಪ್ಲೈ ಬದಲು ನೆಟ್‌ಪ್ಲಾನ್ ಟ್ರೈ ಕೊಡಿ, 120 ಸೆಕೆಂಡಿನೊಳಗೆ ನೀವು ಒಪ್ಪದಿದ್ದರೆ ಹಳೆಯದಕ್ಕೆ ಹಿಂತಿರುಗುತ್ತದೆ.

ಒಂದು ಮುನ್ನೆಚ್ಚರಿಕೆ. ಅಸಲಿ ಸರ್ವರನ್ನೇ ಕ್ಲೋನ್ ಮಾಡಿ ಟೆಸ್ಟ್‌ಗೆ ತರುವುದಾದರೆ, ಮೊದಲ ಬೂಟ್‌ಗೆ ಮುಂಚೆ ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ಕೇಬಲ್ ಕನೆಕ್ಟೆಡ್ ಟಿಕ್ ತೆಗೆಯಿರಿ. ಹೊತ್ತಿಗೆ ಸರಿಯಾಗಿ ತಾನೇ ಓಡುವ ಕ್ರಾನ್ ಕೆಲಸಗಳೂ ಎಸ್‌ಎಂಎಸ್ ಗೇಟ್‌ವೇ ಕೀ ಕೂಡ ಕ್ಲೋನ್ ಜೊತೆಗೇ ಬಂದಿರುತ್ತವೆ. ಕೊಬ್ಬರಿ ಹಾಕಿದ ರೈತರಿಗೆ ನಿಮ್ಮ ಟೆಸ್ಟ್ ಸರ್ವರ್‌ನಿಂದ ಎರಡನೇ ಸಲ ‘ಹಣ ಜಮೆಯಾಗಿದೆ’ ಮೆಸೇಜ್ ಹೋದರೆ ಮಂಡಿ ಮುಂದೆ ನಿಲ್ಲುವವರು ನೀವೇ. ಕ್ರಾನ್ ನಿಲ್ಲಿಸಿ, ಕೀ ಅಳಿಸಿ, ಆಮೇಲೆ ಕೇಬಲ್ ಕೊಡಿ.

ಕೋಲಾರ, ಇನ್ನೊಬ್ಬರು:
ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನು (ಸರ್ವರ್ ತನ್ನ ಗುರುತು ತೋರಿಸುವ ಕೀ) ಯಾರೂ ಹೇಳಲಿಲ್ಲ. ಅವೂ ಮೂರರಲ್ಲೂ ಒಂದೇ ಇವೆ. ಹಳೆಯವನ್ನು ಅಳಿಸಿ ಎಸ್‌ಎಸ್‌ಎಚ್-ಕೀಜೆನ್ ಅನ್ನು ದೊಡ್ಡಕ್ಷರದ ‘ಎ’ ಆಯ್ಕೆ ಜೊತೆ ಓಡಿಸಿ. ಅಳಿಸಿ ಸುಮ್ಮನಾದರೆ ಉಬುಂಟುವಿನಲ್ಲಿ ಮುಂದಿನ ಬೂಟ್‌ಗೆ ಎಸ್‌ಎಸ್‌ಎಚ್ ಏಳದೇ ಹೋಗಬಹುದು, ಆಗ ಕನ್ಸೋಲ್ ಕಿಟಕಿಯೇ ಗತಿ. ಹೋಸ್ಟ್‌ನೇಮ್ ಬದಲಿಸುವಾಗ ಹೋಸ್ಟ್ಸ್ ಫೈಲಿನ 127.0.1.1 ಸಾಲನ್ನೂ ಬದಲಿಸಿ, ಇಲ್ಲವಾದರೆ ಸುಡೊ ಪ್ರತಿ ಸಲ ಗೊಣಗುತ್ತದೆ.

ಲಿಂಕ್ಡ್ ಕ್ಲೋನ್ ಜಾಗ ಉಳಿಸುತ್ತದೆ, ವೆಬ್ ಮತ್ತು ಆ್ಯಪ್‌ಗೆ ಪರವಾಗಿಲ್ಲ. ಆದರೆ ಅದು ಮೂಲ ವಿಎಂನ ಡಿಸ್ಕ್ ಮೇಲೆ ನಿಂತಿರುತ್ತದೆ, ಮೂಲ ಹೋದರೆ ಎಲ್ಲವೂ ಹೋದಂತೆ. ಡೇಟಾಬೇಸ್‌ಗೆ ಫುಲ್ ಕ್ಲೋನ್ ಮಾಡಿ. ರ‍್ಯಾಮ್ 2, 2, 4 ಜಿಬಿ ಕೊಟ್ಟರೆ ವಿಂಡೋಸ್‌ಗೂ ಉಸಿರಾಡಲು ಜಾಗ ಉಳಿಯುತ್ತದೆ.

ತುಮಕೂರು (ಕೇಳಿದವರು):
ಮಷೀನ್-ಐಡಿ ಖಾಲಿ ಮಾಡಿದ ಮೇಲೆ ಐಪಿ ಬೇರೆಯಾದವು, ಹೋಸ್ಟ್-ಓನ್ಲಿಯೂ ಓಡುತ್ತಿದೆ. ಈಗ ಡೇಟಾಬೇಸ್ ವಿಎಂಅನ್ನು ಇನ್ನೊಮ್ಮೆ ಕ್ಲೋನ್ ಮಾಡಿ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ರೆಪ್ಲಿಕಾ (ಮೂಲದ ಬದಲಾವಣೆಗಳನ್ನು ತಾನಾಗಿ ನಕಲಿಸಿಕೊಳ್ಳುವ ಪ್ರತಿ) ಮಾಡಲು ಹೊರಟರೆ ರೆಪ್ಲಿಕೇಶನ್ ನಿಂತುಬಿಡುತ್ತದೆ. ಎರಡರ ಸರ್ವರ್ ಯುಯುಐಡಿ (ಮೈಎಸ್‌ಕ್ಯೂಎಲ್ ತಾನೇ ಹುಟ್ಟಿಸಿಕೊಳ್ಳುವ ಗುರುತು) ಒಂದೇ ಅನ್ನುತ್ತಿದೆ. ಸರ್ವರ್-ಐಡಿ ಬೇರೆ ಕೊಟ್ಟಾಗಿದೆ.

ಕೋಲಾರ:
ಸರ್ವರ್-ಐಡಿ ಬೇರೆ, ಯುಯುಐಡಿ ಬೇರೆ. ಯುಯುಐಡಿ ಇರುವುದು ಮೈಎಸ್‌ಕ್ಯೂಎಲ್ ಡೇಟಾ ಫೋಲ್ಡರ್‌ನ ಆಟೋ ಡಾಟ್ ಸಿಎನ್‌ಎಫ್ ಫೈಲಿನಲ್ಲಿ. ಕ್ಲೋನ್‌ನಲ್ಲಿ ಮೈಎಸ್‌ಕ್ಯೂಎಲ್ ನಿಲ್ಲಿಸಿ, ಆ ಫೈಲನ್ನು ಬೇರೆಡೆ ಸರಿಸಿ, ಮತ್ತೆ ಶುರು ಮಾಡಿ. ಹೊಸದು ತಾನೇ ಬರೆದುಕೊಳ್ಳುತ್ತದೆ. ಮೂಲ ಸರ್ವರ್‌ನದನ್ನು ಮುಟ್ಟಬೇಡಿ.

ಚಿಕ್ಕಬಳ್ಳಾಪುರ:
ಮುಂದಕ್ಕೆ ಓಡುತ್ತಿರುವ ಸರ್ವರ್‌ನಿಂದ ಕ್ಲೋನ್ ತೆಗೆಯಬೇಡಿ. ಬರೀ ಉಬುಂಟು, ಅಪ್‌ಡೇಟ್, ನಿಮ್ಮ ಯೂಸರ್ ಇರುವ ಒಂದು ಟೆಂಪ್ಲೇಟ್ ಇಡಿ. ಮಷೀನ್-ಐಡಿ ಖಾಲಿ ಮಾಡುವುದು ಅದರಲ್ಲಿ ಕಟ್ಟಕಡೆಯ ಕೆಲಸ, ಆದ ಕೂಡಲೇ ಶಟ್‌ಡೌನ್. ಆಮೇಲೆ ‘ಸುಮ್ನೆ ನೋಡೋಣ’ ಅಂತ ಒಮ್ಮೆ ಬೂಟ್ ಮಾಡಿದರೂ ಐಡಿ ಮತ್ತೆ ಹುಟ್ಟಿರುತ್ತದೆ, ಮುಂದಿನ ಕ್ಲೋನ್‌ಗಳಿಗೆಲ್ಲ ಅದೇ ಹೋಗುತ್ತದೆ. ಮುಂದೆ ಲಿನಕ್ಸ್ ಹೋಸ್ಟ್ ಮೇಲೆ ಕೆವಿಎಂಗೆ (ಲಿನಕ್ಸ್‌ನದೇ ವಿಎಂ ವ್ಯವಸ್ಥೆ) ಹೋದರೆ ವರ್ಟ್-ಸಿಸ್‌ಪ್ರೆಪ್ ಅನ್ನೋ ಸಾಧನ ಈ ಶುದ್ಧೀಕರಣದ ಬಹುಪಾಲನ್ನು ಒಂದೇ ಕಮಾಂಡ್‌ನಲ್ಲಿ ಮುಗಿಸುತ್ತದೆ. ವಿಎಂ ಆಫ್ ಇದ್ದಾಗ ಮಾತ್ರ ಓಡಿಸಿ, ಆನ್ ಇದ್ದಾಗ ಓಡಿಸಿದರೆ ಡಿಸ್ಕ್ ಕೆಡಬಹುದು.